ಪೋಷಕತ್ವ ಯಾವ ನಿರ್ಧಾರಕ್ಕೆ? ಒಂದು ಪ್ರಕರಣ ಅಧ್ಯಯನ

ತಾಯಿ ಮೇಜಿನ ಮೇಲಿಟ್ಟ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಖಾತೆದಾರನ ಹೆಸರಿನ ಮುಂದೆ ‘ಮೈನರ್’ ಎಂದಿತ್ತು. ಖಾತೆದಾರ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದ. ವಯಸ್ಸು 31, ಗಡ್ಡದಲ್ಲಿ ಅಲ್ಲಲ್ಲಿ ಬಿಳಿ ಕೂದಲು. ಅವನು ಚಿಕ್ಕ ಹುಡುಗನಾಗಿದ್ದಾಗ ತಂದೆ ತೆರೆದ ಖಾತೆ ಅದು. ಗಾರ್ಡಿಯನ್ ಎಂಬಲ್ಲಿ ತಂದೆಯ ಹೆಸರು. ಹದಿನೆಂಟು ತುಂಬಿದಾಗ ಅದನ್ನು ವಯಸ್ಕರ ಖಾತೆಯಾಗಿ ಬದಲಿಸಬೇಕಿತ್ತು, ಯಾರೂ ಬದಲಿಸಿರಲಿಲ್ಲ. ಅವನ ಅಂಗವಿಕಲ ಮಾಸಾಶನ ಆ ಖಾತೆಗೇ ಬೀಳುತ್ತಿತ್ತು, ತಂದೆ ಸಹಿ ಹಾಕಿ ತೆಗೆಯುತ್ತಿದ್ದರು. 2022ರ ಕೊನೆಯಲ್ಲಿ ತಂದೆ ತೀರಿಕೊಂಡರು. ಮರಣ ಪ್ರಮಾಣಪತ್ರ ಕೈಗೆ ಬಂದದ್ದೇ ತಡ, ಬ್ಯಾಂಕು ಖಾತೆಯನ್ನು ತಡೆಹಿಡಿಯಿತು. ‘ಕೋರ್ಟಿನಿಂದ ಗಾರ್ಡಿಯನ್ ಆದೇಶ ತನ್ನಿ, ಆಮೇಲೆ ನೋಡೋಣ’ ಎಂದು ಹೇಳಿ ಕಳುಹಿಸಿದರು.

ಹಾಗಾಗಿ ಅವರು ಬಂದದ್ದು ಗಾರ್ಡಿಯನ್ ಸರ್ಟಿಫಿಕೇಟಿಗೆ, ಅಂದರೆ ಅವನ ಪರವಾಗಿ ಸಹಿ ಹಾಕುವ ಪೋಷಕರು ಯಾರೆಂದು ಹೇಳುವ ಪತ್ರಕ್ಕೆ. ನಾನು ಬೌದ್ಧಿಕ ಅಂಗವೈಕಲ್ಯ ಇರುವವರ ಕುಟುಂಬಗಳೊಂದಿಗೆ ಕೆಲಸ ಮಾಡುವವಳು. ನಮ್ಮ ಸಂಸ್ಥೆಗೆ ಬರುವ ಹೆಚ್ಚಿನ ಕುಟುಂಬಗಳು ಕೇಳುವುದೂ ಅದನ್ನೇ. ಹೆಸರು, ಊರು ಇಲ್ಲಿ ಬರೆಯುವುದಿಲ್ಲ. ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಬರಹಕ್ಕೆಂದು ಹಳೆಯ ಕಡತ ತಿರುವಿದಾಗ, ಅಣ್ಣನನ್ನು ಎಲ್ಲ ಕಡೆ ‘ಅವರು’ ಎಂದೂ ಇವನನ್ನು ಎಲ್ಲ ಕಡೆ ‘ಅವನು’ ಎಂದೂ ಬರೆದಿದ್ದೇನೆಂದು ಕಂಡಿತು. ಇಬ್ಬರ ನಡುವೆ ಇರುವುದು ಮೂರು ವರ್ಷದ ಅಂತರ. ಇಲ್ಲಿ ಇಬ್ಬರಿಗೂ ಏಕವಚನವೇ ಇರಲಿ.

ಅಂದು ಮಾತಾಡಿದವರು ತಾಯಿ ಮತ್ತು ಅಣ್ಣ. ಇವನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದ. ಮನೆಯಲ್ಲಿ ಎಲ್ಲರೂ ಅವನನ್ನು ‘ಪುಟ್ಟ’ ಎಂದೇ ಕರೆಯುತ್ತಾರಂತೆ.

ಒಂದೇ ಮಾತಿನೊಳಗೆ ಮೂರು ಗಂಟು

ಗಾರ್ಡಿಯನ್ ಎಂಬ ಒಂದೇ ಪದದಡಿ ಆ ಕುಟುಂಬ ಮೂರು ಬೇರೆ ಬೇರೆ ಕಷ್ಟಗಳನ್ನು ಹೊತ್ತು ತಂದಿತ್ತು. ಅದು ನನಗೆ ತಡವಾಗಿ ಹೊಳೆಯಿತು.

ಮೊದಲನೆಯದು ಸಿಕ್ಕಿಕೊಂಡ ಖಾತೆ. ಎರಡನೆಯದು ಪಿಂಚಣಿ. ತಂದೆ ಕೇಂದ್ರ ಸರ್ಕಾರದ ನಿವೃತ್ತ ನೌಕರ. ಈಗ ತಾಯಿಗೆ ಕುಟುಂಬ ಪಿಂಚಣಿ ಬರುತ್ತಿದೆ. ಆಕೆಗೆ 64 ವರ್ಷ, ಹೃದಯದ ತೊಂದರೆಯೂ ಇದೆ. ‘ನನ್ನ ನಂತರ ಇವನ ಗತಿ?’ ಎಂಬ ಚಿಂತೆ. ಮೂರನೆಯದು ಮನೆ. ತಂದೆ ಸ್ವಂತ ಸಂಪಾದನೆಯಲ್ಲಿ ಕಟ್ಟಿದ ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸಬೇಕೆಂದು ಅಣ್ಣನ ಆಸೆ. ಅದಕ್ಕೆ ಗೃಹಸಾಲ ಬೇಕು, ಸಾಲಕ್ಕೆ ಮನೆ ಅವನೊಬ್ಬನ ಹೆಸರಿನಲ್ಲಿರಬೇಕು. ಮದುವೆಯಾಗಿ ಬೇರೆ ಊರಿನಲ್ಲಿರುವ ಅಕ್ಕ ತನ್ನ ಪಾಲನ್ನು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಲು ಒಪ್ಪಿದ್ದಳು, ತಾಯಿಯೂ ಒಪ್ಪಿದ್ದರು. ಉಳಿದದ್ದು ಇವನ ಸಹಿ. ‘ನನ್ನನ್ನು ಗಾರ್ಡಿಯನ್ ಮಾಡಿಬಿಟ್ಟರೆ ಅವನ ಪರವಾಗಿ ನಾನೇ ಸಹಿ ಹಾಕುತ್ತೇನೆ, ಎಲ್ಲವೂ ಒಂದೇ ಸಲ ಮುಗಿಯುತ್ತದೆ’ ಎಂದ ಅಣ್ಣ.

ಅಂದರೆ ತಮ್ಮನ ಪಾಲನ್ನು ಅಣ್ಣ ತಮ್ಮನ ಪರವಾಗಿ ಅಣ್ಣನಿಗೇ ಬಿಟ್ಟುಕೊಡುವುದು. ಅವನು ಇದನ್ನು ಯಾವ ಕಪಟವೂ ಇಲ್ಲದೆ ಹೇಳಿದ. ತಂದೆಯ ಆಸ್ಪತ್ರೆಯ ಖರ್ಚು ಹೊತ್ತವನು ಅವನು, ನಾಳೆ ತಮ್ಮನನ್ನು ನೋಡಿಕೊಳ್ಳಬೇಕಾದವನೂ ತಾನೇ ಎಂದು ನಂಬಿದ್ದವನು. ‘ಇಂಥವರಿಗೆ ಆಸ್ತಿಯಲ್ಲಿ ಪಾಲು ಇರುವುದಿಲ್ಲವಂತೆ, ಆದರೂ ಸಹಿ ಕೇಳುತ್ತಾರೆ’ ಎಂದೂ ಸೇರಿಸಿದ. ಈ ನಂಬಿಕೆ ಎಲ್ಲಿಂದ ಬಂತೆಂದು ಕೇಳಿದರೆ ಯಾರೋ ಹಿರಿಯರು ಹೇಳಿದ್ದು ಎಂದ. ಹಿರಿಯರು ಪೂರ್ತಿ ಸುಳ್ಳು ಹೇಳಿರಲಿಲ್ಲ. ಹಳೆಯ ಹಿಂದೂ ಶಾಸ್ತ್ರನಿಯಮ ಕುರುಡರು, ಕಿವುಡರು, ಬುದ್ಧಿಮಾಂದ್ಯರನ್ನೆಲ್ಲ ದಾಯಭಾಗದಿಂದ ಹೊರಗಿಡುತ್ತಿತ್ತು. ಬ್ರಿಟಿಷ್ ಭಾರತದ 1928ರ ಕಾಯ್ದೆ ಆ ಪಟ್ಟಿಯನ್ನು ಬಹುಮಟ್ಟಿಗೆ ಅಳಿಸಿತು. ಹುಟ್ಟಿನಿಂದಲೇ ಬುದ್ಧಿಮಾಂದ್ಯರೋ ಚಿತ್ತವಿಕಲರೋ ಆದವರನ್ನು ಮಾತ್ರ ಹಾಗೆಯೇ ಹೊರಗೆ ನಿಲ್ಲಿಸಿತು. ಅವರಿಗೂ ಬಾಗಿಲು ತೆರೆದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ರೋಗ, ದೋಷ, ಅಂಗವೈಕಲ್ಯದ ಕಾರಣಕ್ಕೆ ಯಾರೂ ವಾರಸಿಕೆ ಕಳೆದುಕೊಳ್ಳುವುದಿಲ್ಲ ಎಂದು ಅದರ 28ನೇ ಕಲಮು ಹೇಳುತ್ತದೆ. ಕಾನೂನು ಬದಲಾಗಿ ಆರು ದಶಕ ಮೀರಿದೆ, ಜಗುಲಿಯ ಮಾತು ಇನ್ನೂ ಬದಲಾಗಿಲ್ಲ. ತಂದೆ ಉಯಿಲು ಬರೆದಿರಲಿಲ್ಲ. ಹಾಗಾಗಿ ತಾಯಿ, ಇಬ್ಬರು ಗಂಡುಮಕ್ಕಳು, ಮಗಳು ಈ ನಾಲ್ವರಿಗೂ ಸಮಪಾಲು. ಇವನದು ನಾಲ್ಕನೇ ಒಂದು.

ಇದನ್ನು ಹೇಳಿದಾಗ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ, ಗಾರ್ಡಿಯನ್ ಅರ್ಜಿಯಂತೂ ಹಾಕೋಣ’ ಎಂದ. ನಾನೂ ಹೂಂ ಎಂದೆ.

ನಾನು ಬರೆದ ಅರ್ಜಿ

1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ಅಂಗವೈಕಲ್ಯ ಎಂಬ ನಾಲ್ಕು ಗುಂಪಿನವರಿಗೆ ಸಂಬಂಧಿಸಿದ್ದು. ಅದರಡಿ ಜಿಲ್ಲೆಗೊಂದು ಸ್ಥಳೀಯ ಮಟ್ಟದ ಸಮಿತಿ ಇರುತ್ತದೆ: ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ, ಅಂಗವೈಕಲ್ಯ ಇರುವ ಒಬ್ಬ ವ್ಯಕ್ತಿ. ಹದಿನೆಂಟು ದಾಟಿದವರಿಗೆ ಪೋಷಕರನ್ನು ನೇಮಿಸುವ ಅಧಿಕಾರ ಈ ಸಮಿತಿಯದು. ಕೋರ್ಟು, ವಕೀಲರು, ವರ್ಷಗಟ್ಟಲೆ ಅಲೆದಾಟ ಯಾವುದೂ ಬೇಡ ಎಂಬ ಉದ್ದೇಶದಿಂದ ಮಾಡಿದ ಏರ್ಪಾಡು ಅದು, ಒಳ್ಳೆಯದೇ. ಸಮಿತಿ ಕೊಡುವ ಪ್ರಮಾಣಪತ್ರವನ್ನು ಮಾನ್ಯ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2007ರಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ‘ಕೋರ್ಟಿನ ಆದೇಶವೇ ಬೇಕು’ ಎಂದ ಶಾಖೆಗೆ ಅದು ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಹೇಳಲಿಲ್ಲ.

ಆ ಏರ್ಪಾಡಿನ ಸುಲಭವೇ ನನ್ನ ಕಣ್ಣು ಕಟ್ಟಿತು. ನಮೂನೆ ‘ಎ’ ತುಂಬುವುದು ನನಗೆ ಕೈಬಂದ ಕೆಲಸ. ಪೋಷಕರಾಗಿ ತಾಯಿ ಮತ್ತು ಅಣ್ಣ ಜಂಟಿಯಾಗಿ ಎಂದು ಬರೆದೆ. ಯಾವ ಉದ್ದೇಶಕ್ಕೆ ಎಂದು ವಿವರಿಸಬೇಕಾದ ಕಡೆ ನಾನೇ ನನ್ನ ಕೈಯಾರೆ ಬರೆದದ್ದು: ‘ಎಲ್ಲ ವ್ಯವಹಾರಗಳಿಗೆ.’ ಎರಡು ಪದ. ಪ್ರತಿ ಅರ್ಜಿಯಲ್ಲೂ ಹಾಗೆಯೇ ಬರೆಯುತ್ತಿದ್ದೆ. ಕುಟುಂಬ ಮುಂದೆ ಯಾವ ಕಚೇರಿಯಲ್ಲೂ ಸಿಕ್ಕಿಹಾಕಿಕೊಳ್ಳಬಾರದು ಎಂಬ ಲೆಕ್ಕಾಚಾರ. ಬ್ಯಾಂಕಿನಲ್ಲಿ ಬೇಕಾದದ್ದು ಒಂದು ಸಹಿಯಾದರೆ ಒಬ್ಬ ಮನುಷ್ಯನ ಎಲ್ಲ ಸಹಿಗಳನ್ನೂ ಬೇರೆಯವರ ಕೈಗೆ ಕೊಡುವ ಲೆಕ್ಕಾಚಾರ ಎಂದೂ ಹೇಳಬಹುದು.

ಅರ್ಜಿಯ ಜೊತೆ ಅಂಗವೈಕಲ್ಯ ಪ್ರಮಾಣಪತ್ರ ಲಗತ್ತಿಸಿದ್ದೆ. ಅದರಲ್ಲಿ ‘ಮಧ್ಯಮ, ಶೇ. 75’ ಎಂದಿತ್ತು. 2018ರ ಮಾರ್ಗಸೂಚಿಯ ಪ್ರಕಾರ ಸಾಮಾಜಿಕ ಪ್ರೌಢತೆಯ ಅಳತೆಯಲ್ಲಿ 36ರಿಂದ 54ರೊಳಗೆ ಅಂಕ ಬಂದವರಿಗೆ ಶೇ. 75 ಎಂದು ಬರೆಯುತ್ತಾರೆ. ಸೌಲಭ್ಯ ಹಂಚಲು ಒಂದು ಸಂಖ್ಯೆ ಬೇಕು, ಒಪ್ಪುತ್ತೇನೆ. ಆದರೆ ಆ ಸಂಖ್ಯೆಯನ್ನು ಓದಿದವರೆಲ್ಲ ಉಳಿದದ್ದು ಕಾಲು ಭಾಗ ಮನುಷ್ಯ ಎಂಬಂತೆ ವರ್ತಿಸುವುದನ್ನು ನೋಡಿದ್ದೇನೆ.

ಸಮಿತಿಯ ಮುಂದೆ

2023ರ ಜುಲೈಯಲ್ಲಿ ಸಭೆ ಕರೆದರು. ಅಂದು ಹನ್ನೊಂದು ಅರ್ಜಿಗಳಿದ್ದವು, ಒಂದೊಂದಕ್ಕೆ ಐದಾರು ನಿಮಿಷ. ನಮ್ಮ ಸರದಿ ಬಂದಾಗ ಗುಮಾಸ್ತರು ಅರ್ಜಿಯನ್ನು ಓದಿದರು, ತಾಯಿ ಕೈಮುಗಿದರು, ಆದೇಶವಾಗಿಯೇ ಹೋಯಿತು ಎಂದುಕೊಂಡೆ. ಆಗ ಸಮಿತಿಯಲ್ಲಿ ಅಂಗವಿಕಲರ ಪ್ರತಿನಿಧಿಯಾಗಿದ್ದ, ಗಾಲಿಕುರ್ಚಿಯಲ್ಲಿ ಕುಳಿತಿದ್ದ ಸದಸ್ಯರು ಕಾಗದವನ್ನು ಕೆಳಗಿಟ್ಟು ನನ್ನನ್ನು ಕೇಳಿದರು: ‘ಇವರಿಗೆ ಯಾವ ನಿರ್ಧಾರಕ್ಕೆ ಪೋಷಕರು ಬೇಕು?’

ನಾನು ‘ಎಲ್ಲ ವ್ಯವಹಾರ’ ಎಂದೆ.

‘ಅದು ಉತ್ತರವಲ್ಲ. ಕಾಯ್ದೆಯ 14ನೇ ಕಲಮು ನಮಗೆ ಎರಡು ಪ್ರಶ್ನೆ ಕೊಟ್ಟಿದೆ. ಈ ವ್ಯಕ್ತಿಗೆ ಪೋಷಕರು ಬೇಕೇ, ಬೇಕಾದರೆ ಯಾವ ಉದ್ದೇಶಕ್ಕೆ? ನೀವು ಮೊದಲನೆಯದನ್ನು ಹಾರಿಸಿಬಿಟ್ಟಿದ್ದೀರಿ.’ ಆಮೇಲೆ ಇವನ ಕಡೆ ತಿರುಗಿ, ಹೆಸರು ಹಿಡಿದು, ‘ನೀವು ಹೇಳಿ, ನಿಮಗೆ ಯಾವುದರಲ್ಲಿ ಸಹಾಯ ಬೇಕು?’ ಎಂದರು. ನೀವು ಎಂದರು. ಇವನು ತಾಯಿಯ ಮುಖ ನೋಡಿದ, ತಾಯಿ ಬಾಯಿ ತೆರೆದರು, ಸದಸ್ಯರು ಕೈ ಎತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದರು. ಆ ಕೋಣೆಯಲ್ಲಿ ಅಷ್ಟು ದೀರ್ಘ ಮೌನಕ್ಕೆ ಯಾರಿಗೂ ಅಭ್ಯಾಸವಿರಲಿಲ್ಲ. ಜಿಲ್ಲಾಧಿಕಾರಿಗಳು ಗಡಿಯಾರ ನೋಡಿದರು.

‘ನನ್ನ ದುಡ್ಡು ಅಣ್ಣನ ಜೇಬಿನಲ್ಲಿದೆ’ ಎಂದ ಇವನು.

ಅಣ್ಣನ ಮುಖ ಕಪ್ಪಿಟ್ಟಿತು. ಸಮಿತಿ ಅರ್ಜಿಯನ್ನು ಮುಂದೂಡಿ, ಉದ್ದೇಶವನ್ನು ಸ್ಪಷ್ಟಪಡಿಸಿ ಬನ್ನಿ ಎಂದಿತು. ಹೊರಗೆ ಕಾರಿಡಾರಿನಲ್ಲಿ ಅಣ್ಣ ನನ್ನ ಮೇಲೆ ರೇಗಾಡಿದ. ಅವನ ಜಾಗದಲ್ಲಿದ್ದರೆ ನಾನೂ ರೇಗುತ್ತಿದ್ದೆ.

‘ಅಣ್ಣನ ಜೇಬು’ ಏನೆಂದು ತಿಳಿಯಲು ಎರಡು ದಿನ ಹಿಡಿಯಿತು. ಇವನು ವಾರಕ್ಕೆ ಮೂರು ದಿನ ಹತ್ತಿರದ ಒಂದು ಸಸಿತೋಟಕ್ಕೆ ಹೋಗುತ್ತಿದ್ದ. ‘ಹೊತ್ತು ಹೋಗಲಿ ಎಂದು ಕಳುಹಿಸುತ್ತೇವೆ’ ಎಂದಷ್ಟೇ ತಾಯಿ ಹೇಳಿದ್ದರು. ಅಲ್ಲಿ ದಿನಕ್ಕೆ 250 ರೂಪಾಯಿ ಕೂಲಿ ಕೊಡುತ್ತಿದ್ದರು, ವಾರದ ಕೊನೆಗೆ, ಅಣ್ಣನ ಕೈಗೆ. ಅಣ್ಣ ಅದನ್ನು ಮನೆಖರ್ಚಿಗೇ ಹಾಕುತ್ತಿದ್ದ, ಲೆಕ್ಕವೂ ಇಟ್ಟಿದ್ದ. ಇವನಿಗೆ ಕೊಡಬೇಕು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಎಣಿಕೆ

ಸಮಿತಿಯ ಪ್ರಶ್ನೆಗೆ ಉತ್ತರ ಹುಡುಕಲು ನಾನು ಮೊದಲು ಮಾಡಿದ್ದು ಶುದ್ಧ ಅವಿವೇಕ. ಅವರ ಮನೆಗೆ ಹೋಗಿ ಮೇಜಿನ ಮೇಲೆ ನೋಟುಗಳನ್ನು ಹರಡಿ ‘ಹತ್ತು, ಇಪ್ಪತ್ತು ಸೇರಿದರೆ ಎಷ್ಟು?’ ಎಂದು ಕೇಳಿದೆ. ಅವನು ಐವತ್ತು ಎಂದ, ಆಮೇಲೆ ಹತ್ತು ಎಂದ, ಆಮೇಲೆ ಎದ್ದು ಹೋದ. ಶಾಲೆಯಲ್ಲಿ ಫೇಲಾದವನನ್ನು ಮತ್ತೆ ಪರೀಕ್ಷೆಗೆ ಕೂರಿಸಿದ್ದೆ.

ಮರುವಾರ ಸಸಿತೋಟಕ್ಕೆ ಹೋದೆ. ಅವನು ಕಪ್ಪು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದ. ತುಂಬಿದ ಚೀಲವನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಬಾಯಿಯಿಂದ ಒಂದು ಬೆರಳಿನಷ್ಟು ಜಾಗ ಬಿಟ್ಟು, ಸಾಲಿನಲ್ಲಿ ಇಡುತ್ತಿದ್ದ. ಒಂದು ಸಾಲಿಗೆ ಹತ್ತು ಚೀಲ. ಹತ್ತಾದ ಮೇಲೆ ಸಾಲಿನ ತಲೆಗೆ ಒಂದು ಸಣ್ಣ ಕಲ್ಲು. ‘ಕಲ್ಲು ಏಕೆ?’ ಎಂದರೆ, ‘ಹತ್ತು ಕಲ್ಲು ಆದರೆ ನೂರು. ನೂರಾದರೆ ಅಲ್ಲಿಗೆ’ ಎಂದು ನೆರಳಿನ ಬಲೆಯ ಕಡೆ ಕೈ ತೋರಿಸಿದ. ನಾನು ನೋಡುತ್ತಿದ್ದಾಗ ಎಂಟು ಕಲ್ಲುಗಳಿದ್ದವು. ಇನ್ನು ಎಷ್ಟು ಬೇಕು ಎಂದೆ. ಕೈಯಲ್ಲಿದ್ದ ಎರಡು ಕಲ್ಲುಗಳನ್ನು ತೋರಿಸಿದ.

ನೋಟಿನ ಲೆಕ್ಕ ಬಾರದವನಿಗೆ ನೂರರ ಲೆಕ್ಕ ಬರುತ್ತಿತ್ತು. ನಮ್ಮ ಸಹೋದ್ಯೋಗಿಯೊಬ್ಬರು ಮುಂದಿನ ಎರಡು ತಿಂಗಳು ಅದೇ ಕಲ್ಲುಗಳ ದಾರಿಯಲ್ಲಿ ಅವನಿಗೆ ನೋಟು ಕಲಿಸಿದರು. ನೂರರ ನೋಟು ಅಂದರೆ ಒಂದು ಬಲೆ, ಐನೂರರ ನೋಟು ಅಂದರೆ ಐದು ಬಲೆ. ಚಿಲ್ಲರೆ ಇಂದಿಗೂ ಬರುವುದಿಲ್ಲ. ಚಿಲ್ಲರೆಗೆ ತಾಯಿ ಇದ್ದಾರೆ. ಇಂಥದ್ದಕ್ಕೆ ಕಾನೂನಿನ ಭಾಷೆಯಲ್ಲಿ ‘ಬೆಂಬಲ’ ಎನ್ನುತ್ತಾರೆ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಹೇಳುವ ಕ್ರಮವೇ ಅದು: ಮೊದಲು ಸಾಕಷ್ಟು, ತಕ್ಕ ಬೆಂಬಲ, ಆದರೂ ಕಾನೂನುಬದ್ಧ ನಿರ್ಧಾರ ಸಾಧ್ಯವಾಗದಿದ್ದರೆ ಮಾತ್ರ ಸೀಮಿತ ಪೋಷಕತ್ವ. ಅದೂ ಒಂದು ನಿರ್ದಿಷ್ಟ ನಿರ್ಧಾರಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿ. ಬೇರೆ ಕಾನೂನುಗಳಡಿ ನೇಮಕವಾದ ಪೋಷಕರೂ ಅಂದಿನಿಂದ ಸೀಮಿತ ಪೋಷಕರಂತೆಯೇ ನಡೆದುಕೊಳ್ಳಬೇಕು ಎಂದೂ ಅದರ 14ನೇ ಕಲಮಿನಲ್ಲಿದೆ. ಅಂದರೆ ನಾನು ಬರೆದ ‘ಎಲ್ಲ ವ್ಯವಹಾರಗಳಿಗೆ’ ಎಂಬ ಎರಡು ಪದಗಳು ಆರು ವರ್ಷ ಹಿಂದೆಯೇ ಸತ್ತಿದ್ದವು.

ಬ್ಯಾಂಕು

ಇಲ್ಲಿ ಹೆಚ್ಚು ಹೇಳುವುದೇನಿಲ್ಲ, ಕೆಲಸ ಮಾಡಿದ್ದು ಒಂದು ಕಾಗದ. ಶಾಖೆಯಲ್ಲಿ ಎಲ್ಲವನ್ನೂ ಬಾಯಿಮಾತಿನಲ್ಲೇ ನಿರಾಕರಿಸುತ್ತಿದ್ದರು. ಇವನ ಹೆಸರಿನಲ್ಲೇ ಹೊಸ ಉಳಿತಾಯ ಖಾತೆಗೆ ಅರ್ಜಿ ಕೊಟ್ಟು, ನಿರಾಕರಿಸುವುದಾದರೆ ಕಾರಣವನ್ನು ಲಿಖಿತವಾಗಿ ಕೊಡಿ ಎಂದು ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು. ಆಸ್ತಿ ಹೊಂದುವ, ಹಣಕಾಸನ್ನು ನಿಭಾಯಿಸುವ ಹಕ್ಕು ಅಂಗವಿಕಲರಿಗೂ ಸಮಾನವಾಗಿ ಇದೆ ಎನ್ನುವ, 2016ರ ಕಾಯ್ದೆಯ 13ನೇ ಕಲಮನ್ನು ಅರ್ಜಿಯಲ್ಲಿ ಉಲ್ಲೇಖಿಸಿದ್ದೆವು. ‘ಇಲ್ಲ’ ಎಂದು ಬಾಯಲ್ಲಿ ಹೇಳುವವರು ಅದನ್ನೇ ಸಹಿ ಹಾಕಿ ಬರೆದುಕೊಡಲು ಹಿಂಜರಿಯುತ್ತಾರೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ಕಲಿತ ಅತಿ ಉಪಯುಕ್ತ ವಿದ್ಯೆ ಇದು. ಮೂರು ವಾರಗಳ ನಂತರ, ಗ್ರಾಹಕನೊಂದಿಗೆ ಮಾತಾಡಿ ನಿರ್ಧರಿಸಿ ಎಂದು ಮೇಲಿನ ಕಚೇರಿಯಿಂದ ಶಾಖೆಗೆ ಸೂಚನೆ ಬಂತು.

ಅಧಿಕಾರಿ ಪ್ರಶ್ನೆಗಳನ್ನು ತಾಯಿಗೇ ಕೇಳತೊಡಗಿದರು. ತಾಯಿಯೇ ಈ ಸಲ ‘ಅವನನ್ನು ಕೇಳಿ’ ಎಂದರು. ನನಗೆ ಅದು ಇಡೀ ಪ್ರಕರಣದ ಅತಿ ದೊಡ್ಡ ಗೆಲುವು ಎನ್ನಿಸಿತು, ಯಾವ ಕಡತದಲ್ಲೂ ಅದು ದಾಖಲಾಗಿಲ್ಲ.

‘ಖಾತೆಯಲ್ಲಿರುವ ಹಣ ಯಾರದು?’

‘ನನ್ನದು.’

‘ಏನು ಮಾಡುತ್ತೀರಿ?’

‘ತೆಗೆಯುವುದಿಲ್ಲ. ಸೈಕಲ್ ಆಗುವ ತನಕ.’

ಅಧಿಕಾರಿ ನಕ್ಕು ಫಾರಂ ಮುಂದೆ ತಳ್ಳಿದರು. ಸಹಿಗೆ ಕೊಟ್ಟ ಚೌಕ ಚಿಕ್ಕದು. ಅವನ ಹೆಸರಿನ ಕೊನೆಯ ಅಕ್ಷರ ಗೆರೆ ದಾಟಿ ಹೋಯಿತು. ಹಾಗೆಯೇ ಸ್ಕ್ಯಾನ್ ಮಾಡಿದರು. ಚೆಕ್ ಪುಸ್ತಕ ಬೇಡ, ಎಟಿಎಂ ಕಾರ್ಡ್ ಸದ್ಯಕ್ಕೆ ಬೇಡ, ಶಾಖೆಗೇ ಬಂದು ಪಾಸ್‌ಬುಕ್ ತೋರಿಸಿ ತೆಗೆಯುವುದು ಎಂದು ಅವನೊಂದಿಗೆ ಮಾತಾಡಿಯೇ ಗೊತ್ತುಮಾಡಲಾಯಿತು. ಮಾಸಾಶನವೂ ಸಸಿತೋಟದ ಕೂಲಿಯೂ ಈಗ ಅಲ್ಲಿಗೆ ಬರುತ್ತವೆ. ಹಳೆಯ ಖಾತೆಯ ಹಣ ಬಿಡುಗಡೆಯಾಗಲು ಮಾತ್ರ ಇನ್ನೂ ನಾಲ್ಕು ತಿಂಗಳು ಹಿಡಿಯಿತು.

ಪಿಂಚಣಿ

ಕೂಲಿ ಖಾತೆಗೆ ಬರುತ್ತದೆ ಎಂದಾಗ ತಾಯಿಗೆ ಹೊಸ ಭಯ ಹುಟ್ಟಿತು: ಸಂಪಾದನೆ ದಾಖಲೆಯಾದರೆ ಮುಂದೆ ಕುಟುಂಬ ಪಿಂಚಣಿ ಕೈತಪ್ಪುತ್ತದೆಯೇ? ಈ ಭಯಕ್ಕೆ ಬುಡವಿದೆ. ಬದುಕಿಗೆ ಬೇಕಾದಷ್ಟು ದುಡಿಯಲಾಗದ ಅಂಗವಿಕಲ ಮಗನಿಗೋ ಮಗಳಿಗೋ ಕೇಂದ್ರ ಸರ್ಕಾರ ಜೀವನಪರ್ಯಂತ ಕುಟುಂಬ ಪಿಂಚಣಿ ಕೊಡುತ್ತದೆ. ಹಿಂದೆ ಅವರ ಆದಾಯ ತಿಂಗಳಿಗೆ 9000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯನ್ನು ದಾಟಬಾರದು ಎಂದಿತ್ತು. 2021ರ ಫೆಬ್ರವರಿಯಲ್ಲಿ ಮಿತಿಯನ್ನು ಸಡಿಲಿಸಿ, ಅವರಿಗೆ ಸಲ್ಲಬೇಕಾದ ಕುಟುಂಬ ಪಿಂಚಣಿಗಿಂತ, ಅಂದರೆ ತಂದೆಯೋ ತಾಯಿಯೋ ಪಡೆದ ಕೊನೆಯ ವೇತನದ ಶೇ. 30 ಮತ್ತು ತುಟ್ಟಿಭತ್ಯೆಗಿಂತ, ಕಡಿಮೆ ಇದ್ದರೆ ಸಾಕು ಎಂದರು. ವಾರಕ್ಕೆ ಮೂರು ದಿನದ ಕೂಲಿ ಹಳೆಯ ಮಿತಿಯನ್ನೂ ಮುಟ್ಟುವುದಿಲ್ಲ. ಎಷ್ಟೋ ಮನೆಗಳಲ್ಲಿ ಪಿಂಚಣಿ ತಪ್ಪೀತು ಎಂದು ದುಡಿಯಬಲ್ಲ ಮಕ್ಕಳನ್ನು ಮನೆಯಲ್ಲೇ ಕೂರಿಸಿಕೊಂಡಿದ್ದಾರೆ. ಆ ಮನೆಗಳಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ತೋರಿಸಬೇಕು.

ಗಾರ್ಡಿಯನ್ ಪ್ರಶ್ನೆಗೆ ಉತ್ತರ ಪಿಂಚಣಿ ನಿಯಮದಲ್ಲೇ ಸಿಕ್ಕಿತು. ಬೌದ್ಧಿಕ ಅಂಗವೈಕಲ್ಯ ಇರುವ ಮಗನ ಪರವಾಗಿ ಪಿಂಚಣಿ ಪಡೆಯುವವರು ಯಾರೆಂದು ನೌಕರರೇ ನಾಮನಿರ್ದೇಶನ ಮಾಡಬಹುದು. ಅವರು ಮಾಡಿರದಿದ್ದರೆ ಅವರ ಪತಿ ಅಥವಾ ಪತ್ನಿ ತಮ್ಮ ಜೀವಿತಕಾಲದಲ್ಲಿ ಮಾಡಬಹುದು. ಹಾಗೆ ಮಾಡಿದ್ದರೆ ಕೋರ್ಟಿನ ಪೋಷಕತ್ವ ಪ್ರಮಾಣಪತ್ರವನ್ನು ಕೇಳುವಂತಿಲ್ಲ. ಅಂಗವಿಕಲ ಮಗನ ಹೆಸರನ್ನು ಪಿಂಚಣಿ ಪಾವತಿ ಆದೇಶದಲ್ಲಿ ಈಗಲೇ ಸೇರಿಸಿಡಲೂ ಅವಕಾಶವಿದೆ. ತಂದೆ ಇದ್ದಾಗಲೇ ಮಾಡಬಹುದಾಗಿದ್ದ ಕೆಲಸ ಅದು, ಹೇಳುವವರಿರಲಿಲ್ಲ. ತಾಯಿ ಅಕ್ಕನನ್ನು ನಾಮನಿರ್ದೇಶನ ಮಾಡಿದರು. ಅಣ್ಣನನ್ನು ಏಕೆ ಮಾಡಲಿಲ್ಲ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೆಸರು ಸೇರಿದ ತಿದ್ದುಪಡಿ ಆದೇಶ 2024ರ ಆರಂಭದಲ್ಲಿ ಬಂತು.

ಮನೆ

ಉಳಿದದ್ದು ನಿಜವಾಗಿ ಕಗ್ಗಂಟಾದದ್ದು.

ಹಕ್ಕು ಖುಲಾಸೆ ಪತ್ರಕ್ಕೆ ಇವನ ಹೆಬ್ಬೆಟ್ಟು ಒತ್ತಿಸಿಬಿಡೋಣ ಎಂದು ಊರಿನ ಪತ್ರಬರಹಗಾರರೊಬ್ಬರು ಅಣ್ಣನಿಗೆ ಸಲಹೆ ಕೊಟ್ಟಿದ್ದರು. ಸಹಿ ಬರುವವನ ಕೈಯಲ್ಲಿ ಹೆಬ್ಬೆಟ್ಟು! 1908ರ ನೋಂದಣಿ ಕಾಯ್ದೆಯ 35ನೇ ಕಲಮು, ಪತ್ರ ಬರೆದುಕೊಟ್ಟವರು ಅಪ್ರಾಪ್ತರಂತೆ, ಚಿತ್ತವಿಕಲರಂತೆ ಅಥವಾ ‘ಈಡಿಯಟ್’ನಂತೆ ಕಂಡರೆ ಉಪನೋಂದಣಾಧಿಕಾರಿ ನೋಂದಣಿ ನಿರಾಕರಿಸಬೇಕು ಎನ್ನುತ್ತದೆ. ಪದ ನನ್ನದಲ್ಲ, ಕಾಯ್ದೆಯದು. ಒಂದು ಕಡೆ ಆ ಪದ, ಇನ್ನೊಂದು ಕಡೆ ಕಾನೂನಿನ ಮುಂದೆ ಎಲ್ಲರಿಗೂ ಸಮಾನ ಸಾಮರ್ಥ್ಯ ಎನ್ನುವ 2016ರ ಕಾಯ್ದೆ. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದೇ ಅನುಮೋದಿಸಿದೆ. ಎರಡೂ ಕಾಲದ ಕಾನೂನುಗಳು ಒಂದೇ ಕೌಂಟರಿನಲ್ಲಿ ಕುಳಿತಿವೆ.

ಇಲ್ಲಿ ಅಣ್ಣ ಪೋಷಕನಾಗುವಂತಿರಲಿಲ್ಲ. ಆರ್ಥಿಕ ವ್ಯವಹಾರವೊಂದರಲ್ಲಿ ಬೆಂಬಲ ಕೊಡುವವರ ಹಿತಕ್ಕೂ ಅಂಗವಿಕಲರ ಹಿತಕ್ಕೂ ಘರ್ಷಣೆ ಬಂದರೆ ಬೆಂಬಲಿಗರು ಆ ವ್ಯವಹಾರದಿಂದ ಹಿಂದೆ ಸರಿಯಬೇಕು ಎಂದು 2016ರ ಕಾಯ್ದೆಯ 13ನೇ ಕಲಮು ಹೇಳುತ್ತದೆ. ರಕ್ತಸಂಬಂಧಿ ಎಂಬ ಒಂದೇ ಕಾರಣಕ್ಕೆ ಘರ್ಷಣೆ ಇದೆ ಎಂದು ಊಹಿಸಬಾರದು ಎಂದೂ ಅದೇ ಕಲಮು ಹೇಳುತ್ತದೆ. ಇದನ್ನು ಅಣ್ಣನಿಗೆ ಓದಿ ಹೇಳಿದೆ, ಎರಡನೆಯ ಭಾಗವನ್ನು ಎರಡು ಸಲ. ಅವನಿಗೆ ಕಳ್ಳನ ಪಟ್ಟ ಕಟ್ಟುತ್ತಿಲ್ಲ ಎಂದು ಗೊತ್ತಾದ ಮೇಲೆಯೇ ಅವನು ಮತ್ತೆ ನಮ್ಮ ಕಚೇರಿಗೆ ಬಂದದ್ದು.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟೆವು. 1987ರ ಕಾಯ್ದೆಯ ಪ್ರಕಾರ ಅಂಗವಿಕಲರಿಗೆ ಉಚಿತ ಕಾನೂನು ನೆರವು ಹಕ್ಕಾಗಿಯೇ ಸಿಗುತ್ತದೆ. ಅವರು ಕೊಟ್ಟ ವಕೀಲೆ ಪತ್ರದ ದಾರಿಯನ್ನೇ ಬಿಡಿ ಎಂದರು. ವಿಭಾಗದ ದಾವೆ ಹಾಕಿ, ರಾಜಿ ಮಾಡಿಕೊಳ್ಳಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ ಪ್ರಕಾರ, ತನ್ನ ಹಿತವನ್ನು ತಾನೇ ಕಾಯ್ದುಕೊಳ್ಳಲಾಗದ ಪಕ್ಷಗಾರನ ಪರವಾಗಿ ಮಾಡಿಕೊಳ್ಳುವ ರಾಜಿಗೆ ನ್ಯಾಯಾಲಯದ ಅನುಮತಿ ಬೇಕು. ಹಾಗಾಗಿ ನ್ಯಾಯಾಧೀಶರು ರಾಜಿಯ ಷರತ್ತುಗಳನ್ನು ಓದಿಯೇ ಓದುತ್ತಾರೆ. ಅವನ ಪರವಾಗಿ ದಾವೆ ನಡೆಸುವವರು ಅವನಿಗೆ ವಿರುದ್ಧವಾದ ಹಿತ ಉಳ್ಳವರಾಗಿರಬಾರದು. ತಾಯಿ, ಅಣ್ಣ, ಅಕ್ಕ ಮೂವರೂ ಪಾಲುದಾರರು. ಕೊನೆಗೆ ಮನೆಯಲ್ಲಿ ಒಂದಿಂಚೂ ಪಾಲಿಲ್ಲದ ಸೋದರಮಾವ ಒಪ್ಪಿದರು.

‘ಹೆತ್ತ ತಾಯಿಯ ಮೇಲೆ ದಾವೆಯೇ?’ ಎಂದು ಬೀದಿಯಲ್ಲಿ ಮಾತಾಯಿತು. ತಾಯಿ ಒಂದು ವಾರ ನನ್ನ ಫೋನ್ ಎತ್ತಲಿಲ್ಲ. ಈ ದಾರಿ ಅಣ್ಣನಿಗೂ ದುಬಾರಿಯಾಯಿತು: ಸಾಲ ಹನ್ನೊಂದು ತಿಂಗಳು ತಡವಾಯಿತು, ಗುತ್ತಿಗೆದಾರ ಮುಂಗಡವನ್ನು ಹಿಂದಿರುಗಿಸಲಿಲ್ಲ. ಪತ್ರಬರಹಗಾರರ ದಾರಿ ಹಿಡಿದಿದ್ದರೆ ಒಂದು ಮಧ್ಯಾಹ್ನದ ಕೆಲಸ. ಆ ನಷ್ಟವನ್ನು ನಾನು ಚಿಕ್ಕದು ಎನ್ನಲಾರೆ.

ರಾಜಿಯ ಕರಡಿನಲ್ಲಿ ಇವನ ಪಾಲಿಗೆ ಕೆಳ ಅಂತಸ್ತಿನ ಮುಂದಿನ ಕೋಣೆ ಎಂದು ಬರೆದಿತ್ತು. ರಸ್ತೆಗೆ ಮುಖ, ಬೆಲೆ ಹೆಚ್ಚು, ನಾಳೆ ಬಾಡಿಗೆಗೂ ಕೊಡಬಹುದು ಎಂದು ನಾವೆಲ್ಲ ಸೇರಿ ಅವನ ಹಿತ ಕಾಯ್ದಿದ್ದೆವು. ನ್ಯಾಯಾಧೀಶರು ಅವನನ್ನು ತಮ್ಮ ಕೊಠಡಿಗೆ ಕರೆದು, ಸೋದರಮಾವನನ್ನು ಬಾಗಿಲ ಬಳಿ ನಿಲ್ಲಿಸಿ, ಯಾವ ಕೋಣೆ ಬೇಕು ಎಂದು ಕೇಳಿದರು.

‘ಹಿಂದಿನದು.’

‘ಮುಂದಿನದು ದೊಡ್ಡದಲ್ಲವೇ?’

‘ಹಿಂದೆ ನಲ್ಲಿ ಇದೆ. ಸಸಿಗೆ ನೀರು.’

ಕರಡು ತಿದ್ದಿದರು. ಹಿಂದಿನ ಕೋಣೆ, ಅದರ ಹಿಂದಿನ ಅಂಗಳ, ನಲ್ಲಿ ಮತ್ತು ಪಕ್ಕದ ಓಣಿಯಿಂದ ಪ್ರತ್ಯೇಕ ದಾರಿ ಅವನಿಗೆ. ಬೆಲೆಯ ವ್ಯತ್ಯಾಸದ ಮೊತ್ತ ಅವನ ಹೆಸರಿನಲ್ಲಿ ಠೇವಣಿ. ಮುಂಭಾಗ ಮತ್ತು ಮೇಲಂತಸ್ತಿನ ಹಕ್ಕು ಅಣ್ಣನಿಗೆ, ತಾಯಿಗೆ ಕೊನೆಯವರೆಗೆ ವಾಸದ ಹಕ್ಕು. ಡಿಕ್ರಿಯಾದ ಮೇಲೆ ಅಣ್ಣ ತನ್ನ ಪಾಲಿನ ಮೇಲೆ ಸಾಲ ಪಡೆದ.

ಸ್ಥಳೀಯ ಸಮಿತಿಯ ಮುಂದಿದ್ದ ಅರ್ಜಿಯನ್ನು ಹಿಂದಕ್ಕೆ ಪಡೆದೆವು. ಯಾವ ನಿರ್ಧಾರಕ್ಕೆ ಎಂಬ ಪ್ರಶ್ನೆಗೆ ಒಂದೊಂದಾಗಿ ಉತ್ತರ ಬರೆಯುತ್ತಾ ಹೋದಾಗ ಪೋಷಕರಿಗೆ ಉಳಿದ ಕೆಲಸವೇ ಇರಲಿಲ್ಲ. ಎಲ್ಲರ ವಿಷಯದಲ್ಲೂ ಹೀಗೆಯೇ ಆಗುತ್ತದೆ ಎಂದು ಯಾರೂ ಓದಿಕೊಳ್ಳಬಾರದು. ಅದೇ ದಿನ ಸಮಿತಿಯ ಮುಂದೆ ಮಾತಾಗಲೀ ಸನ್ನೆಯಾಗಲೀ ಇಲ್ಲದ, ಹಾಸಿಗೆ ಹಿಡಿದ ಯುವತಿಯೊಬ್ಬಳ ಪರವಾಗಿ ಆಕೆಯ ಚಿಕ್ಕಮ್ಮ ಬಂದಿದ್ದರು. ತಂದೆ ತಾಯಿ ಇಬ್ಬರೂ ಇಲ್ಲ, ವಿಮೆಯ ಹಣ ಬಾಕಿ, ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಬೇಕು. ಅವರಿಗೆ ಅಂದೇ ಆದೇಶವಾಯಿತು, ಆಗಬೇಕಾದದ್ದೇ. ಅಂಥ ಪೋಷಕರು ಆರು ತಿಂಗಳೊಳಗೆ ಆಸ್ತಿಪಟ್ಟಿಯನ್ನೂ ಪ್ರತಿವರ್ಷ ಲೆಕ್ಕಪತ್ರವನ್ನೂ ಸಮಿತಿಗೆ ಕೊಡಬೇಕು, ದುರುಪಯೋಗವಾದರೆ ಅವರನ್ನು ತೆಗೆದುಹಾಕಬಹುದು ಎಂದು ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ 16 ಮತ್ತು 17ನೇ ಕಲಮುಗಳಿವೆ. ನಾನು ನೋಡಿದ ಕುಟುಂಬಗಳಲ್ಲಿ ಆ ಲೆಕ್ಕಪತ್ರದ ಬಗ್ಗೆ ಕೇಳಿದ್ದವರೇ ಕಡಿಮೆ.

ಬಾಕಿ ಉಳಿದಿರುವುದು

ತಾಯಿಯ ನಂತರ ಚಿಲ್ಲರೆ ಎಣಿಸುವವರು ಯಾರು ಎಂಬುದು ಇತ್ಯರ್ಥವಾಗಿಲ್ಲ. ಅಕ್ಕ ಇರುವುದು ನೂರೈವತ್ತು ಕಿಲೋಮೀಟರ್ ದೂರದಲ್ಲಿ. ಅಣ್ಣ ಮೇಲಂತಸ್ತಿನಲ್ಲೇ ಇರುತ್ತಾನೆ, ತಮ್ಮನೊಂದಿಗೆ ಮಾತು ಸರಿಯಾಗಿದೆ, ನನ್ನೊಂದಿಗೆ ಅಷ್ಟಕ್ಕಷ್ಟೆ. ಸೈಕಲ್ ಕಳೆದ ವರ್ಷ ಬಂತು. ಖಾತೆಯಿಂದ ಹಣ ತೆಗೆದ ದಿನ ಅವನು ನೋಟುಗಳನ್ನು ಕೌಂಟರಿನ ಮೇಲೆ ಹತ್ತಿರ ಹತ್ತಿರ ಸಾಲಾಗಿ ಇಟ್ಟು ಎಣಿಸಿದನಂತೆ, ಹಿಂದಿನ ಸರದಿಯವರು ಗೊಣಗಿದರಂತೆ.

ಈಗ ಅವನಿಗೆ ಮೊಬೈಲ್ ಬೇಕು. ಯಾರೋ ಕರೆ ಮಾಡಿ ಒಟಿಪಿ ಕೇಳಿ ಖಾತೆ ಬರಿದು ಮಾಡುತ್ತಾರೆ ಎಂದು ಅಣ್ಣ ಬೇಡ ಎನ್ನುತ್ತಾನೆ. ಅವನು ಹೇಳುವುದರಲ್ಲಿ ಹುರುಳಿದೆ. ಸಸಿತೋಟದಲ್ಲಿ ಎಲ್ಲರ ಬಳಿಯೂ ಮೊಬೈಲ್ ಇದೆ ಎನ್ನುತ್ತಾನೆ ಇವನು. ಬರುವ ಗುರುವಾರ ಇಬ್ಬರೂ ಕಚೇರಿಗೆ ಬರುತ್ತಾರೆ.